ರೇಷ್ಮೆಗೊಂದು, ಹತ್ತಿಗೊಂದು: ಬಟ್ಟೆಯ ಅಣು ನೋಡಿ ಸೋಪು ಆರಿಸುವ ಬಗೆ

ಬೆಂಗಳೂರಿನ ಯಾವ ದಿನಸಿ ಮಳಿಗೆಗೆ ಹೋದರೂ ಬಟ್ಟೆ ಒಗೆಯುವ ಸಾಮಾನಿಗೇ ಒಂದು ಇಡೀ ಸಾಲು ಮೀಸಲಾಗಿರುತ್ತದೆ. ಬಾರ್ ಸೋಪು, ಡಿಟರ್ಜೆಂಟ್ ಪುಡಿ, ಎನ್‌ಜೈಮ್ (ಕಿಣ್ವ) ಇದೆಯೆಂದು ಸಾರುವ ದ್ರಾವಣ, ರೇಷ್ಮೆ ಮತ್ತು ಉಣ್ಣೆಗೆಂದೇ ಬೇರೆ ಬಾಟಲಿ, ಬ್ಲೀಚ್. ಪಕ್ಕದ ಗ್ರಂಧಿಗೆ ಅಂಗಡಿಯಲ್ಲಿ ಅಂಟುವಾಳದ ಕಾಯಿ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಬಟ್ಟೆ ಯಾವ ಅಣುವಿನಿಂದ ಆಗಿದೆ, ಅದರ ಮೇಲೆ ಬಿದ್ದ ಕಲೆ ಯಾವ ಅಣುವಿನದು ಎಂದು ಕೇಳಿದರೆ ಸಿಗುತ್ತದೆ. ಎರಡೂ ಬೇರೆ ಬೇರೆ ಜಾತಿಯವಾಗಿದ್ದರೆ ಕಲೆಯನ್ನು ಒಡೆಯುವ ವಸ್ತುವನ್ನು ಧೈರ್ಯವಾಗಿ ಬಳಸಬಹುದು. ಎರಡೂ ಒಂದೇ ಜಾತಿಯಾಗಿದ್ದರೆ ಕಲೆಯನ್ನು ತಿನ್ನುವ ವಸ್ತು ಬಟ್ಟೆಯನ್ನೂ ತಿನ್ನುತ್ತದೆ.

ಪಿಯುಸಿಯಲ್ಲಿ ಬೃಹದಣುಗಳ, ಅಂದರೆ ಸರಪಳಿಯಂಥ ದೊಡ್ಡ ಅಣುಗಳ ಪಾಠ ಓದಿ ಪರೀಕ್ಷೆ ಮುಗಿದ ಮೇಲೆ ಮರೆತವರು ನಮ್ಮಲ್ಲಿ ಬಹಳ. ಆ ಪಾಠ ಪ್ರತಿವಾರ ಕೆಲಸಕ್ಕೆ ಬರುವ ಜಾಗವೆಂದರೆ ಮನೆಯ ಒಗೆಯುವ ಕಲ್ಲು ಅಥವಾ ವಾಷಿಂಗ್ ಮಷೀನು ಎಂದು ನಾನು ಬಲವಾಗಿ ನಂಬಿದ್ದೇನೆ. ಸಾವಿರಾರು ರೂಪಾಯಿ ಕೊಟ್ಟು ತಂದ ಸೀರೆ ತಪ್ಪು ಪುಡಿಯಿಂದ ಹಾಳಾಗಬಾರದು.

ಮೊದಲು ಬಟ್ಟೆ

ಹತ್ತಿ ಎಂದರೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಅಣುಗಳು ಒಂದರ ಹಿಂದೊಂದು ಸೇರಿ ಆದ ಸರಪಳಿ ಅದು. ಅನ್ನದ ಗಂಜಿಯಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ. ಆದರೂ ಗಂಜಿ ನಮ್ಮ ಹೊಟ್ಟೆಯಲ್ಲಿ ಕರಗುತ್ತದೆ, ಹತ್ತಿ ಕರಗುವುದಿಲ್ಲ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರ ಕೈ ನೋಡಿದವರಿಗೆ ಇದರ ಗುಟ್ಟು ಬೇಗ ಹಿಡಿಯುತ್ತದೆ. ಅದೇ ಮಲ್ಲಿಗೆ, ಅದೇ ದಾರ. ಮೊಗ್ಗುಗಳನ್ನೆಲ್ಲ ಒಂದೇ ಮಗ್ಗುಲಿಗೆ ಇಟ್ಟು ಕಟ್ಟಿದರೆ ದಂಡೆ ಬಾಗುತ್ತದೆ. ಒಂದು ಆಚೆ, ಒಂದು ಈಚೆ ಎಂದು ಕಟ್ಟಿದರೆ ನೇರ ನಿಲ್ಲುತ್ತದೆ. ಪಿಷ್ಟದಲ್ಲಿ ಗ್ಲೂಕೋಸುಗಳು ಒಂದೇ ಮಗ್ಗುಲಾಗಿ ಆಲ್ಫಾ ಬಂಧದಿಂದ ಸೇರಿರುವುದರಿಂದ ಸರಪಳಿ ಸುರುಳಿ ಸುತ್ತುತ್ತದೆ, ನೀರು ಒಳಹೊಕ್ಕು ಊದಿಸುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಗ್ಲೂಕೋಸ್ ಮಗುಚಿಕೊಂಡಿರುತ್ತದೆ. ಇದು ಬೀಟಾ ಬಂಧ. ಸರಪಳಿಗಳು ನೇರವಾಗಿ ಪಕ್ಕಪಕ್ಕದಲ್ಲಿ ಕೂತು, ನಡುವೆ ಲೆಕ್ಕವಿಲ್ಲದಷ್ಟು ಹೈಡ್ರೋಜನ್ ಬಂಧಗಳನ್ನು ಕಟ್ಟಿಕೊಂಡು ಗಟ್ಟಿ ನೂಲಾಗುತ್ತವೆ. ನಮ್ಮ ಜೊಲ್ಲಿನ ಅಮೈಲೇಸ್ ಕಿಣ್ವ ಆಲ್ಫಾ ಬಂಧವನ್ನು ಕತ್ತರಿಸುತ್ತದೆ, ಬೀಟಾ ಬಂಧವನ್ನು ಮುಟ್ಟುವುದಿಲ್ಲ. ಈ ಒಂದು ವ್ಯತ್ಯಾಸದಿಂದಾಗಿ ಪಿಷ್ಟ ಕತ್ತರಿಸುವ ಕಿಣ್ವವಿರುವ ಪುಡಿಯನ್ನು ಹತ್ತಿ ಪಂಚೆಗೆ ನಿಶ್ಚಿಂತೆಯಿಂದ ಹಾಕಬಹುದು.

ರೇಷ್ಮೆ ಪೂರ್ತಿ ಬೇರೆ ವಂಶ. ಅದು ಪ್ರೋಟೀನ್, ಅಂದರೆ ಅಮೈನೋ ಆಮ್ಲಗಳ ಸರಪಳಿ. ರೇಷ್ಮೆಯ ಮುಖ್ಯ ಪ್ರೋಟೀನಿನ ಹೆಸರು ಫೈಬ್ರಾಯಿನ್. ಅದರ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲಗಳಿವೆ. ಗ್ಲೈಸೀನ್, ಅಲನೀನ್, ಸೀರೀನ್ ಎಂಬ ಚಿಕ್ಕ ಗಾತ್ರದವೇ ಬಹುಪಾಲು. ಇವು ಚಿಕ್ಕವಾದ್ದರಿಂದ ಸರಪಳಿಗಳು ಒಂದರ ಮೇಲೊಂದು ಹಾಳೆ ಹಾಳೆಯಾಗಿ ಒತ್ತಾಗಿ ಕೂರುತ್ತವೆ. ರೇಷ್ಮೆಯ ಬಲವೂ ನುಣುಪೂ ಅಲ್ಲಿಂದ ಬಂದದ್ದು. ಶಿಡ್ಲಘಟ್ಟ, ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಲ್ಲಿ ಫೈಬ್ರಾಯಿನ್ ಜೊತೆಗೆ ಸೆರಿಸಿನ್ ಎಂಬ ಅಂಟು ಪ್ರೋಟೀನೂ ಇರುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಸೋಪು ಮತ್ತು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಕುದಿಸಿ ಈ ಅಂಟನ್ನು ತೆಗೆಯುತ್ತಾರೆ. ಕ್ಷಾರ ಪ್ರೋಟೀನನ್ನು ಕರಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೆರಿಸಿನ್ ಸುಲಭವಾಗಿ ಹೋಗುತ್ತದೆ, ಫೈಬ್ರಾಯಿನ್ ತಡೆದುಕೊಳ್ಳುತ್ತದೆ. ಆದರೆ ಕ್ಷಾರ ಹೆಚ್ಚಾದರೆ, ಬಿಸಿ ಹೆಚ್ಚಾದರೆ, ಅದಕ್ಕೂ ಒಂದು ಮಿತಿಯಿದೆ.

ಉಣ್ಣೆಯೂ ಪ್ರೋಟೀನೇ, ನಮ್ಮ ಕೂದಲಿನಂತೆ ಕೆರಾಟಿನ್. ಅದರ ಸರಪಳಿಗಳ ನಡುವೆ ಗಂಧಕದ ಅಡ್ಡಕೊಂಡಿಗಳಿವೆ. ಕ್ಷಾರ ಅವುಗಳನ್ನೂ ಬಿಡಿಸುತ್ತದೆ. ರೇಷ್ಮೆಗೆ ಹೇಳುವುದೆಲ್ಲ ಉಣ್ಣೆಗೂ ಅನ್ವಯಿಸುತ್ತದೆ.

ಒಂದೇ ಮಾತಿನಲ್ಲಿ ಹೋಲಿಸಬೇಕೆಂದರೆ, ರೇಷ್ಮೆಗೆ ಕ್ಷಾರದ ಭಯ, ಹತ್ತಿಗೆ ಆಮ್ಲದ ಭಯ. ಇನ್ವರ್ಟರ್ ಬ್ಯಾಟರಿಗೆ ನೀರು ತುಂಬುವಾಗ ಪ್ಯಾಂಟಿನ ಮೇಲೆ ಸಿಡಿದ ಹನಿಯನ್ನು ಯಾರೂ ಗಮನಿಸುವುದಿಲ್ಲ. ಆ ದಿನ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಒಗೆದು ತೆಗೆದಾಗ ಅಲ್ಲಿ ತೂತು. ಗಂಧಕಾಮ್ಲ ಆವಿಯಾಗಿ ಹೋಗುವುದಿಲ್ಲ. ನೀರು ಆರಿದಂತೆ ಆಮ್ಲ ಗಾಢವಾಗಿ ಗ್ಲೂಕೋಸುಗಳ ನಡುವಿನ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಸಡಿಲಗೊಂಡ ನೂಲನ್ನು ಒಗೆತ ಉದುರಿಸುತ್ತದೆ, ಅಷ್ಟೆ. ಹನಿ ಬಿದ್ದ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು, ಸ್ವಲ್ಪ ಅಡಿಗೆ ಸೋಡಾ ನೀರು ಹಾಕಿದರೆ ಬಟ್ಟೆ ಉಳಿಯುತ್ತದೆ.

ಇನ್ನು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಈ ಹೆಸರಿನಲ್ಲಿ ಮಾರುವುದರಲ್ಲಿ ರೇಯಾನ್ ಇರಬಹುದು, ಪಾಲಿಯೆಸ್ಟರ್ ಇರಬಹುದು, ರೇಷ್ಮೆ ಮಾತ್ರ ಇರುವುದಿಲ್ಲ. ರೇಯಾನ್ ಎಂದರೆ ಮರದ ತಿರುಳಿನ ಸೆಲ್ಯುಲೋಸನ್ನು ಕರಗಿಸಿ ಮತ್ತೆ ಎಳೆಯಾಗಿ ತೆಗೆದದ್ದು. ಈ ಪ್ರಕ್ರಿಯೆಯಲ್ಲಿ ಸರಪಳಿ ತುಂಡಾಗಿ ಕೆಲವು ನೂರು ಗ್ಲೂಕೋಸಿನಷ್ಟೇ ಉಳಿಯುತ್ತದೆ. ಹಾಗಾಗಿ ಹತ್ತಿ ಒದ್ದೆಯಾದಾಗ ಇನ್ನೂ ಬಲವಾದರೆ, ರೇಯಾನ್ ಒದ್ದೆಯಾದಾಗ ದುರ್ಬಲವಾಗುತ್ತದೆ. ಅದನ್ನು ಕಲ್ಲಿಗೆ ಬಡಿಯಬಾರದು, ಹಿಂಡಬಾರದು.

ಯಾವುದು ಯಾವುದೆಂದು ಗೊತ್ತಾಗದಿದ್ದರೆ ಸುಡುವ ಪರೀಕ್ಷೆ ಇದೆ. ಚಿಕ್ಕಪೇಟೆಯಲ್ಲಿ ಹಳೆಯ ವ್ಯಾಪಾರಿಗಳು ಕೇಳಿದರೆ ತಾವೇ ಮಾಡಿ ತೋರಿಸುತ್ತಾರೆ. ಅಂಚಿನಿಂದ ಒಂದೆರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ರೇಷ್ಮೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಕೊಡುತ್ತದೆ. ಉಳಿದ ಕಪ್ಪು ಉಂಡೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಹತ್ತಿ, ರೇಯಾನ್ ಎರಡೂ ಕಾಗದದಂತೆ ಬೇಗ ಉರಿದು ಮೆತ್ತನೆಯ ಬೂದಿ ಬಿಡುತ್ತವೆ, ಏಕೆಂದರೆ ಕಾಗದವೂ ಸೆಲ್ಯುಲೋಸೇ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕಿ ಗಟ್ಟಿ ಮಣಿಯಾಗುತ್ತದೆ, ಪುಡಿಯಾಗುವುದಿಲ್ಲ. ಸುಡುವುದು ಬೇಡ ಎನ್ನುವವರು ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಳ್ಳಬಹುದು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಈ ಗುರುತು ಬಂತು.

ಸೋಪು, ಪುಡಿ, ಕಿಣ್ವ, ಕಾಯಿ

ಸೋಪು ಹುಟ್ಟುವುದು ಕೊಬ್ಬಿನಿಂದ. ಕೊಬ್ಬನ್ನು ಪಾಠದಲ್ಲಿ ಬೃಹದಣುಗಳ ಜೊತೆಗೇ ಹೇಳಿಕೊಡುತ್ತಾರಾದರೂ ಅದು ಸರಪಳಿಯಲ್ಲ. ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಸೇರಿದ ಸಾಧಾರಣ ಗಾತ್ರದ ಅಣು. ಅದನ್ನು ಕಾಸ್ಟಿಕ್ ಸೋಡಾದೊಂದಿಗೆ ಕಾಯಿಸಿದರೆ ಗ್ಲಿಸರಾಲ್ ಬೇರೆಯಾಗಿ, ಕೊಬ್ಬಿನಾಮ್ಲದ ಸೋಡಿಯಂ ಲವಣ ಉಳಿಯುತ್ತದೆ, ಅದೇ ಸೋಪು. ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಆರಂಭಿಸಿದಾಗ ನೆಚ್ಚಿದ್ದು ಇದೇ ಕ್ರಿಯೆಯನ್ನು. ಈ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಉದ್ದ ಬಾಲ ಎಣ್ಣೆಯನ್ನು ಬಯಸುತ್ತದೆ. ಬಾಲಗಳು ಜಿಡ್ಡಿಗೆ ಚುಚ್ಚಿಕೊಂಡು ಅದನ್ನು ಸಣ್ಣ ಹನಿಗಳಾಗಿ ಒಡೆದು ನೀರಿಗೆ ಎಳೆಯುತ್ತವೆ.

ಬಾರ್ ಸೋಪಿಗೆ ಬೆಂಗಳೂರಿನಲ್ಲಿ ಒಂದು ದೊಡ್ಡ ತೊಡಕು ಬೋರ್‌ವೆಲ್ ನೀರು. ಆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಬಿಳಿ ಚರಟವಾಗುತ್ತವೆ. ನೊರೆ ಬರುವುದಿಲ್ಲ, ಬಟ್ಟೆ ಬಿರುಸಾಗುತ್ತದೆ, ಬಿಳಿ ಅಂಗಿ ಕ್ರಮೇಣ ಬೂದು ಬಣ್ಣಕ್ಕೆ ತಿರುಗುತ್ತದೆ. ಕಾವೇರಿ ನೀರು ಬರುವ ಮನೆಯಲ್ಲಿ ಬಾರ್ ಸೋಪು ಸಾಕು. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನೇ ನೆಚ್ಚಿರುವ ಬಡಾವಣೆಗಳಲ್ಲಿ ಹತ್ತಿ ಬಟ್ಟೆಗೆ ಡಿಟರ್ಜೆಂಟ್ ಪುಡಿಯೇ ವಾಸಿ. ಅದು ಕ್ಯಾಲ್ಸಿಯಂನೊಂದಿಗೆ ಸುಲಭವಾಗಿ ಚರಟ ಕಟ್ಟುವುದಿಲ್ಲ. ನೀರಿನ ಗಡಸು ಹಿಡಿದಿಡುವ ಸೋಡಾ ಮುಂತಾದವೂ ಅದರಲ್ಲಿರುತ್ತವೆ. ಆದರೆ ಆ ಸೋಡಾ ಇರುವುದರಿಂದಲೇ ಪುಡಿಯ ದ್ರಾವಣ ಸಾಕಷ್ಟು ಕ್ಷಾರೀಯ. ರೇಷ್ಮೆಗೆ ಅದು ಬೇಡ.

ಕಿಣ್ವವಿರುವ ಪುಡಿ ಮತ್ತು ದ್ರಾವಣಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಒಳ್ಳೆಯದೂ ಕೆಟ್ಟದ್ದೂ ಆಗುವುದು ಇಲ್ಲೇ. ಪಿಷ್ಟ, ಪ್ರೋಟೀನ್, ಕೊಬ್ಬು ಈ ಮೂರೂ ಕಟ್ಟಿಕೊಳ್ಳುವಾಗ ಪ್ರತಿ ಬಂಧಕ್ಕೂ ಒಂದು ನೀರಿನ ಅಣುವನ್ನು ಹೊರಹಾಕುತ್ತವೆ. ಬಿಚ್ಚಬೇಕಾದರೆ ಆ ನೀರನ್ನು ಮರಳಿ ಸೇರಿಸಬೇಕು. ಬಕೆಟ್ಟಿನ ತುಂಬ ನೀರಿದ್ದರೂ ಈ ಕ್ರಿಯೆ ತಾನಾಗಿ ನಡೆಯುವುದು ಬಹಳ ನಿಧಾನ. ಕಿಣ್ವ ಅದನ್ನೇ ಕ್ಷಣಗಳಿಗೆ ಇಳಿಸುತ್ತದೆ. ಪ್ರೋಟಿಯೇಸ್ ಪ್ರೋಟೀನಿಗೆ, ಅಮೈಲೇಸ್ ಪಿಷ್ಟಕ್ಕೆ, ಲೈಪೇಸ್ ಕೊಬ್ಬಿಗೆ. ಜರ್ಮನಿಯ ಓಟೋ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಟ್ಟೆ ಒಗೆಯಲು ಬಳಸಬಹುದೆಂದು 1913ರಲ್ಲೇ ಪೇಟೆಂಟ್ ಪಡೆದಿದ್ದ. ಇಂದು ಬಳಸುವವು ಹೆಚ್ಚಾಗಿ ಬ್ಯಾಸಿಲಸ್ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಂದ ತಯಾರಾದವು. ಕಿಣ್ವಗಳ ಉದ್ಯಮಕ್ಕೆ ನಮ್ಮ ಊರಿನ ನಂಟೂ ಇದೆ. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಮೊದಲು ತಯಾರಿಸಿದ್ದರಲ್ಲಿ ಪರಂಗಿ ಹಾಲಿನ ಪಪೈನ್ ಎಂಬ ಪ್ರೋಟಿಯೇಸ್ ಕೂಡ ಒಂದು.

ಕಿಣ್ವಗಳು ತಾವೇ ಪ್ರೋಟೀನುಗಳು. ಆದ್ದರಿಂದ ಕುದಿಯುವ ನೀರು ಹಾಕಿದರೆ ಅವುಗಳ ಮಡಿಕೆ ಬಿಚ್ಚಿ ಕೆಲಸ ನಿಲ್ಲುತ್ತದೆ. ಬ್ಲೀಚ್ ಬೆರೆಸಿದರೂ ಅದೇ ಗತಿ. ದುಡ್ಡು ಕೊಟ್ಟು ತಂದದ್ದನ್ನು ಕೆಲಸ ಮಾಡಲು ಬಿಡಬೇಕು: ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಆಮೇಲೆ ಒಗೆಯಿರಿ. ಮಕ್ಕಳ ಹಾಲು ಕಕ್ಕಿದ ಹತ್ತಿ ಬಟ್ಟೆ, ಬೆವರು ಹಿಡಿದ ಕಾಲರ್, ಮೊಟ್ಟೆಯ ಕಲೆ, ಇವಕ್ಕೆ ಇದನ್ನು ಮೀರಿದ್ದು ಇಲ್ಲ ಎಂಬುದು ನನ್ನ ಅಭಿಪ್ರಾಯ. ರೇಷ್ಮೆ, ಉಣ್ಣೆಗೆ ಮಾತ್ರ ಇದು ಸುತರಾಂ ಬೇಡ. ಪ್ರೋಟಿಯೇಸಿಗೆ ಹಾಲಿನ ಪ್ರೋಟೀನಾದ ಕೇಸಿನ್ ಯಾವುದು, ಮೈಸೂರು ಸಿಲ್ಕಿನ ಫೈಬ್ರಾಯಿನ್ ಯಾವುದು ಎಂಬ ಭೇದವಿಲ್ಲ. ಕಾಣುವುದು ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧ ಮಾತ್ರ. ಫೈಬ್ರಾಯಿನ್ ಒತ್ತಾಗಿರುವುದರಿಂದ ಒಂದೇ ಸಲಕ್ಕೆ ತೂತು ಬೀಳದೆ ಇರಬಹುದು. ಹೊಳಪು ಮಂಕಾಗುವುದು, ಮೇಲ್ಮೈ ಎಳೆ ಎಳೆಯಾಗಿ ಏಳುವುದು ಮೊದಲು ಕಾಣುತ್ತದೆ.

ಕಲೆಯನ್ನಲ್ಲದೆ ಬಟ್ಟೆಯನ್ನೇ ಗುರಿಮಾಡಿದ ಕಿಣ್ವವೂ ಒಂದಿದೆ: ಸೆಲ್ಯುಲೇಸ್. ಇದು ಹತ್ತಿಯ ಬೀಟಾ ಬಂಧವನ್ನೇ ಕತ್ತರಿಸುತ್ತದೆ. ಬಹಳ ಕಡಿಮೆ ಪ್ರಮಾಣದಲ್ಲಿ ಹಾಕಿದಾಗ ಮೇಲೆದ್ದ ನವಿರು ಎಳೆಗಳನ್ನಷ್ಟೇ ತೆಗೆದು ಬಣ್ಣಕ್ಕೆ ಹೊಸತನ ಕೊಡುತ್ತದೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಜೀನ್ಸ್ ಬಟ್ಟೆಗೆ ಹಳೆಯ ನೋಟ ಬರಿಸಲು ಕಲ್ಲು ಹಾಕಿ ತಿರುಗಿಸುವ ಬದಲು ಈಗ ಇದನ್ನೇ ಬಳಸುವುದುಂಟು.

ಬ್ಲೀಚ್ ವಿಷಯ ಚಿಕ್ಕದು. ಬಿಳಿ ಹತ್ತಿಗೆ ಮಾತ್ರ, ತೆಳು ಮಾಡಿ, ಅಪರೂಪಕ್ಕೆ. ಬ್ಲೀಚಿನ ಹೈಪೋಕ್ಲೋರೈಟ್ ರೇಷ್ಮೆ, ಉಣ್ಣೆಗಳನ್ನು ಅಕ್ಷರಶಃ ಕರಗಿಸಿಬಿಡುತ್ತದೆ. ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆಮ್ಲ, ಇವನ್ನು ಬ್ಲೀಚಿನೊಂದಿಗೆ ಎಂದೂ ಬೆರೆಸಬೇಡಿ. ಹೊರಬರುವುದು ವಿಷಕಾರಿ ಕ್ಲೋರಿನ್ ಅನಿಲ.

ಅಂಟುವಾಳದ ಕಾಯಿಯ ಸಿಪ್ಪೆಯಲ್ಲಿ ಸ್ಯಾಪೊನಿನ್‌ಗಳಿವೆ. ಎಣ್ಣೆ ಬಯಸುವ ಒಂದು ಭಾಗಕ್ಕೆ ಸಕ್ಕರೆಯ ತುಣುಕುಗಳು ಅಂಟಿಕೊಂಡ ಅಣುಗಳಿವು; ಆದ್ದರಿಂದ ನೊರೆಯೂ ಬರುತ್ತದೆ, ಜಿಡ್ಡೂ ಬಿಡುತ್ತದೆ. ಅದರ ನೀರು ಕ್ಷಾರೀಯವಲ್ಲ, ತುಸು ಆಮ್ಲೀಯ. ಅಜ್ಜಿಯರು ರೇಷ್ಮೆಗೆ ಅಂಟುವಾಳವೇ ಆಗಬೇಕೆಂದು ಪಟ್ಟು ಹಿಡಿಯುತ್ತಿದ್ದುದಕ್ಕೆ ರಸಾಯನಶಾಸ್ತ್ರದ ಪೂರ್ಣ ಬೆಂಬಲವಿದೆ. ಕಂದು ನೀರು ತಿಳಿ ಬಣ್ಣದ ಸೀರೆಗೆ ಛಾಯೆ ಬಿಡಬಹುದು, ಆದ್ದರಿಂದ ಚೆನ್ನಾಗಿ ಸೋಸಿ, ಮೂಲೆಯಲ್ಲಿ ಪರೀಕ್ಷಿಸಿ ಬಳಸಿ. ಕಾಯಿ ನೆನೆಹಾಕುವ ಪುರಸೊತ್ತಿಲ್ಲದವರು ರೇಷ್ಮೆಗೆಂದು ಮಾರುವ ದ್ರಾವಣ ಕೊಳ್ಳಬಹುದು, ಆದರೆ ಅದರಲ್ಲಿ ಕಿಣ್ವವಿಲ್ಲವೆಂದು ಚೀಟಿಯಲ್ಲಿ ಖಚಿತಪಡಿಸಿಕೊಳ್ಳಿ.

ಡ್ರೈ ವಾಷ್‌ನಲ್ಲಿ ನೀರೇ ಇಲ್ಲ. ಎಣ್ಣೆಯನ್ನು ಕರಗಿಸುವ ದ್ರಾವಕದಲ್ಲಿ ಬಟ್ಟೆ ಅದ್ದುತ್ತಾರೆ. ಜಿಡ್ಡಿನ ಕಲೆಗೆ ಇದು ಉತ್ತಮ, ಸಕ್ಕರೆ ಪಾಕ, ಗಂಜಿಯಂಥ ನೀರಿನಲ್ಲಿ ಕರಗುವ ಕಲೆಗೆ ಅಷ್ಟಾಗಿ ಅಲ್ಲ. ಅಂಗಡಿಯಲ್ಲಿ ಸೀರೆ ಕೊಡುವಾಗ ಕಲೆ ಯಾವುದರದೆಂದು ಹೇಳಿ ಕೊಡಬೇಕು. ಹೇಳದೆ ಕೊಟ್ಟರೆ ಇಸ್ತ್ರಿಯ ಬಿಸಿಗೆ ಪ್ರೋಟೀನ್ ಕಲೆ ಹೆಪ್ಪುಗಟ್ಟಿ ಶಾಶ್ವತವಾಗುತ್ತದೆ.

ಮದುವೆ ಊಟದ ಒಂದು ಕಲೆ

ಬಸವನಗುಡಿಯ ಯಾವುದೋ ಛತ್ರದಲ್ಲಿ ಊಟಕ್ಕೆ ಕೂತಾಗ ಸೀರೆಯ ಮೇಲೆ ಸಾರು ಚೆಲ್ಲಿತು ಎಂದಿಟ್ಟುಕೊಳ್ಳಿ. ಆ ಒಂದು ಚಮಚದಲ್ಲಿ ತೊಗರಿಬೇಳೆಯ ಪ್ರೋಟೀನ್ ಮತ್ತು ಪಿಷ್ಟ, ಒಗ್ಗರಣೆಯ ತುಪ್ಪ, ಹುಣಸೆಯ ಆಮ್ಲ, ಅರಿಶಿನದ ಬಣ್ಣ, ಎಲ್ಲವೂ ಇವೆ. ಯಾವುದನ್ನು ಮೊದಲು ತೆಗೆಯಬೇಕು?

ಹತ್ತಿ ಸೀರೆಯಾದರೆ ತಣ್ಣೀರಿನಲ್ಲಿ ಹಿಂಬದಿಯಿಂದ ತೊಳೆದು, ಮನೆಗೆ ಬಂದು ಕಿಣ್ವದ ಪುಡಿಯಲ್ಲಿ ನೆನೆಹಾಕಿ. ಪ್ರೋಟೀನ್, ಪಿಷ್ಟ, ತುಪ್ಪ ಒಟ್ಟಿಗೆ ಸಡಿಲವಾಗುತ್ತವೆ. ಆಗ ಅರಿಶಿನದ ಕಲೆ ಕೆಂಪಾಗುತ್ತದೆ, ಗಾಬರಿ ಬೇಡ. ಅರಿಶಿನದ ಕರ್ಕುಮಿನ್ ಚಿಕ್ಕ ಅಣು, ಕ್ಷಾರ ತಾಗಿದಾಗ ಹಳದಿ ಬಿಟ್ಟು ಕೆಂಪಾಗುತ್ತದೆ, ನೀರಿನಲ್ಲಿ ಜಾಲಿಸಿದರೆ ಮತ್ತೆ ಹಳದಿ. ಕಿಣ್ವಕ್ಕೆ ಕತ್ತರಿಸಲು ಅದರಲ್ಲಿ ಸರಪಳಿಯಿಲ್ಲ. ಆದರೆ ಬೆಳಕಿಗೆ ಅದು ನಿಲ್ಲುವುದಿಲ್ಲ. ಒದ್ದೆ ಬಟ್ಟೆಯನ್ನು ತಾರಸಿಯ ಬಿಸಿಲಿಗೆ ಹಾಕಿದರೆ ಕಲೆ ತಾನಾಗಿ ಮಾಸುತ್ತದೆ.

ರೇಷ್ಮೆಯಾದರೆ ಉಜ್ಜಲೇಬಾರದು. ಒಣ ಬಟ್ಟೆಯಿಂದ ಒತ್ತಿ ದ್ರವ ಹೀರಿಸಿ, ಜಿಡ್ಡಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ಕೊಡವಿ. ಜರಿ ಇದ್ದರೆ, ಬಣ್ಣ ಬಿಡುವ ಅನುಮಾನವಿದ್ದರೆ ನೇರವಾಗಿ ಡ್ರೈ ವಾಷ್. ಸಾದಾ ರೇಷ್ಮೆಗೆ ತಣ್ಣನೆಯ ಅಂಟುವಾಳದ ನೀರು ಸಾಕು. ಬಿಸಿಲಿನ ಉಪಾಯ ಇಲ್ಲಿ ನಡೆಯದು: ಅತಿನೇರಳೆ ಕಿರಣಗಳಿಗೆ ರೇಷ್ಮೆಯ ಕೆಲವು ಅಮೈನೋ ಆಮ್ಲಗಳೇ ಕೆಟ್ಟು ಬಟ್ಟೆ ಹಳದಿಯಾಗುತ್ತದೆ. ನೆರಳೇ ಅದಕ್ಕೆ ಸರಿ.

ತುಪ್ಪಕ್ಕೂ ಎಣ್ಣೆಗೂ ಒಂದು ವ್ಯತ್ಯಾಸ ತಿಳಿದಿರಲಿ. ಸೂರ್ಯಕಾಂತಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧಗಳು ಹೆಚ್ಚು. ಗಾಳಿಯ ಆಮ್ಲಜನಕ ಆ ಬಂಧಗಳಿಗೆ ಸೇರಿ ಅಣುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಕೆಲವು ವಾರಗಳಲ್ಲಿ ಕಲೆ ಹಳದಿಯಾಗಿ ಗಟ್ಟಿಯಾಗಿ, ಯಾವ ಸೋಪಿಗೂ ಜಗ್ಗುವುದಿಲ್ಲ. ತುಪ್ಪ, ಕೊಬ್ಬರಿ ಎಣ್ಣೆಯಲ್ಲಿ ಅಂಥ ಬಂಧಗಳು ಕಡಿಮೆ, ತಡವಾದರೂ ಅಷ್ಟು ಹಟ ಮಾಡುವುದಿಲ್ಲ. ಹಪ್ಪಳ ಕರಿದ ಎಣ್ಣೆ ಸಿಡಿದ ಬಟ್ಟೆಯನ್ನು ಆ ವಾರವೇ ಒಗೆಯಿರಿ.

ರಕ್ತದ ಕಲೆಗೆ ತಣ್ಣೀರು, ಯಾವ ಬಟ್ಟೆಯಾದರೂ. ಬಿಸಿನೀರು ತಾಗಿದರೆ ಅದರ ಪ್ರೋಟೀನುಗಳು ಬೆಂದು ನೂಲಿಗೆ ಕಚ್ಚಿಕೊಳ್ಳುತ್ತವೆ.

ಕಬ್ಬನ್ ಪಾರ್ಕಿನಲ್ಲಿ ಓಡುವವರ ಪಾಲಿಯೆಸ್ಟರ್ ಅಂಗಿ ಒಗೆದ ಮೇಲೂ ನಾರುತ್ತದೆ ಎಂಬ ದೂರು ಸಾಮಾನ್ಯ. ಪಾಲಿಯೆಸ್ಟರ್ ನೀರನ್ನು ದೂರವಿಡುತ್ತದೆ, ಮೈಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಪದರ ಕಟ್ಟುತ್ತವೆ. ಸತ್ತ ಬ್ಯಾಕ್ಟೀರಿಯಾಗಳಿಂದ ಹೊರಬಂದ ಡಿಎನ್ಎ ಆ ಪದರವನ್ನು ಹಿಡಿದಿಡುವ ಅಂಟುಗಳಲ್ಲಿ ಒಂದು. ಹಾಗಾಗಿ ಡಿಎನ್ಎ ಕತ್ತರಿಸುವ ಕಿಣ್ವವೂ ಈಚಿನ ಕೆಲವು ಡಿಟರ್ಜೆಂಟುಗಳಿಗೆ ಸೇರಿದೆ. ಕಿಣ್ವಕ್ಕೆ ಪಾಲಿಯೆಸ್ಟರಿನಲ್ಲಿ ತಿನ್ನಲು ಏನೂ ಇಲ್ಲದ ಕಾರಣ ಇಲ್ಲಿ ಯಾವ ಕಿಣ್ವವಾದರೂ ಸರಿ.

ಗಂಜಿ ಮತ್ತು ಬೀರು

ಗಂಜಿ ಹಾಕಿದ ಹತ್ತಿ ಸೀರೆ ಗರಿಗರಿಯಾಗುವುದು ಪಿಷ್ಟವೂ ಸೆಲ್ಯುಲೋಸೂ ಹೈಡ್ರೋಜನ್ ಬಂಧಗಳಿಂದ ಬೆಸೆದುಕೊಳ್ಳುವುದರಿಂದ. ನೀರು ಚಿಮುಕಿಸಿ ಇಸ್ತ್ರಿ ಮಾಡುವಾಗ ಆಗುವುದೂ ಅದೇ: ನೀರು ಹಳೆಯ ಬಂಧಗಳನ್ನು ಬಿಡಿಸುತ್ತದೆ, ಬಿಸಿ ನೀರನ್ನು ಓಡಿಸಿ ಹೊಸ ಬಂಧಗಳನ್ನು ಮಡಿಕೆ ನೇರವಾದ ಸ್ಥಿತಿಯಲ್ಲಿ ಕೂರಿಸುತ್ತದೆ. ಹಳೆಯ ಗಂಜಿ ಪೂರ್ತಿ ಹೋಗಿದೆಯೋ ಇಲ್ಲವೋ ನೋಡಬೇಕೆಂದರೆ ಅಂಚಿನಿಂದ ಕಿತ್ತ ಒಂದು ನೂಲಿಗೆ ಅಯೋಡಿನ್ ಹನಿ ಹಾಕಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನನ್ನು ನೀರಿನಲ್ಲಿ ತೆಳು ಮಾಡಿದ್ದು ಸಾಕು. ಪಿಷ್ಟವಿದ್ದರೆ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡು ಕಡುನೀಲಿಯಾಗುತ್ತದೆ. ಬರೀ ಹತ್ತಿಯಾದರೆ ಕಂದು ಬಣ್ಣವೇ ಉಳಿಯುತ್ತದೆ. ಎರಡೂ ಗ್ಲೂಕೋಸೇ ಆದರೂ ಸುರುಳಿಯಿರುವುದು ಒಂದರಲ್ಲಿ ಮಾತ್ರ.

ಬೀರುವಿನಲ್ಲಿ ದೀರ್ಘ ಕಾಲ ಇಡುವ ಹತ್ತಿಗೆ ಗಂಜಿ ಇರಬಾರದು, ಏಕೆಂದರೆ ಬೆಳ್ಳಿ ಬಣ್ಣದ ಚುರುಕು ಕೀಟಗಳಿಗೆ ಪಿಷ್ಟ ಪ್ರಿಯವಾದ ಊಟ, ಪಿಷ್ಟದ ಜೊತೆಗೆ ಬಟ್ಟೆಯನ್ನೂ ಕಡಿಯುತ್ತವೆ. ಉಣ್ಣೆಗೆ ನುಸಿಯ ಮರಿಗಳು ಬರುತ್ತವೆ. ಅವು ಕೆರಾಟಿನ್ ಅರಗಿಸಿಕೊಳ್ಳಬಲ್ಲ ಅಪರೂಪದ ಜೀವಿಗಳು. ಮಳೆಗಾಲದಲ್ಲಿ ತೇವ ಉಳಿದ ಹತ್ತಿಗೆ ಬೂಷ್ಟು ಹಿಡಿಯುತ್ತದೆ, ಆ ಶಿಲೀಂಧ್ರದ ಬಳಿ ತನ್ನದೇ ಸೆಲ್ಯುಲೇಸ್ ಇದೆ. ರೇಷ್ಮೆಯನ್ನು ಉಟ್ಟ ದಿನವೇ ಮಡಚಿ ಒಳಗಿಡದೆ, ನೆರಳಲ್ಲಿ ಗಾಳಿಯಾಡಿಸಿ ಬೆವರು ಆರಿದ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡುವುದರಿಂದ ಅದು ಬೇಡ. ಆಗಾಗ ಹೊರತೆಗೆದು ಮಡಿಕೆಯ ಜಾಗ ಬದಲಿಸಿ, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಎಳೆಗಳು ಸವೆದು ಸೀಳು ಬಿಡುತ್ತವೆ.